ಪುಟ್ಟಿ ಮತ್ತೆ ನೀಟ್ ಬರೆಯಬೇಕೇ?

ಮ್ಯಾಂಚೆಸ್ಟರ್
22 ಜೂನ್ 2025

ಪ್ರೀತಿಯ ಅಪ್ಪಯ್ಯ, ಅಮ್ಮನಿಗೆ ನಮಸ್ಕಾರ.

ಮೆಡಿಕಲ್ ಸೀಟಿಗೆ ಪುಟ್ಟಿ ಮತ್ತೆ ನೀಟ್ ಪರೀಕ್ಷೆ ಬರೆಯಬೇಕೇ ಅನ್ನುವ ಮಾತು ಫೋನಿನಲ್ಲಿ ಅರ್ಧಕ್ಕೇ ನಿಂತಿತು. ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅಲ್ವಾ. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಸಲ ಓದಿ ಬಿಡಬೇಡಿ, ಇಬ್ಬರೂ ಕೂತು ಮಾತಾಡಿ.

720ಕ್ಕೆ 430 ಬಂತು ಅಂತ ದೊಡ್ಡಪ್ಪ ಹೋದ ವರ್ಷದವರ ಅಂಕದ ಜೊತೆ ಹೋಲಿಸಿದರಂತೆ. ಅದು ಸರಿಯಲ್ಲ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು. ಈ ಸಲ ದೇಶಕ್ಕೇ ಮೊದಲು ಬಂದ ಹುಡುಗನಿಗೆ 686. ಫಿಸಿಕ್ಸ್ ಅಷ್ಟು ಕಷ್ಟವಿತ್ತು. ನೋಡಬೇಕಾದ್ದು ರ‍್ಯಾಂಕ್. ಅವಳ ರ‍್ಯಾಂಕಿಗೆ ಶಿವಮೊಗ್ಗದ ಸಿಮ್ಸ್‌ನಂಥ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಕಷ್ಟವೇ, ಗ್ರಾಮೀಣ ಮೀಸಲಾತಿ ಹಿಡಿದರೂ. ಹಾಗಂತ ತೋಟದ ಮೇಲೆ ಸಾಲ ಎತ್ತಿ ಪ್ರೈವೇಟ್ ಸೀಟು ಬೇಡವೇ ಬೇಡ.

ಅವಳು ಕಳಿಸಿದ ಉತ್ತರಗಳನ್ನು ಒಂದೊಂದಾಗಿ ನೋಡಿದೆ. ಬಯಾಲಜಿಯಲ್ಲಿ 360ಕ್ಕೆ 300. ಬಹಳ ಒಳ್ಳೆಯ ಅಂಕ ಅದು, ಯಾರೂ ಅವಳಿಗೆ ಹೇಳಿದಂತೆ ಕಾಣಲಿಲ್ಲ. ಕೆಮಿಸ್ಟ್ರಿ 180ಕ್ಕೆ 100. ಪೆಟ್ಟು ಬಿದ್ದಿರುವುದು ಫಿಸಿಕ್ಸಿನಲ್ಲಿ. 45 ಪ್ರಶ್ನೆಗಳಲ್ಲಿ 15 ಸರಿ, 30 ತಪ್ಪು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ಹಾಗಾಗಿ ಬಂದ 60ರಲ್ಲಿ 30 ಕಳೆದು 30 ಉಳಿಯಿತು. ತಪ್ಪಾದವು ಹೆಚ್ಚಿನವು ಫಸ್ಟ್ ಪಿಯುಸಿ ಪಾಠದವು. ಸೆಕೆಂಡ್ ಪಿಯುಸಿ ಬೋರ್ಡ್ ಪರೀಕ್ಷೆಗೆ ಅವು ಬರಲ್ಲ. ನೀಟ್‌ಗೆ ಎರಡೂ ವರ್ಷದ ಪಾಠ ಬೇಕು. ಮುಂದಿನ ಸಲ 30 ಸರಿ ಮಾಡಿ, ಗೊತ್ತಿಲ್ಲದ್ದನ್ನು ಮುಟ್ಟದೆ ಬಿಟ್ಟರೂ ಫಿಸಿಕ್ಸಿನಲ್ಲೇ 120 ಬರುತ್ತದೆ.

ಎಲ್ಲ ವಿಷಯದಲ್ಲೂ ಅಲ್ಲಲ್ಲಿ ಅಂಕ ಹೋಗಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಇಲ್ಲಿ ಹೋಗಿದ್ದೆಲ್ಲಿ ಅಂತ ಕಣ್ಣಿಗೆ ಕಾಣುತ್ತಿದೆ. ಹಾಗಾಗಿ ಇನ್ನೊಂದು ಸಲ ಬರೆಯಲಿ ಅಂತಲೇ ನನ್ನ ಮನಸ್ಸು. ಆದರೆ ಒಂದೇ ಸಲ.

ದೂರದ ಲಾಂಗ್ ಟರ್ಮ್ ಹಾಸ್ಟೆಲ್, ಅಂದರೆ ವರ್ಷಪೂರ್ತಿ ಅಲ್ಲೇ ಇದ್ದು ಕೋಚಿಂಗ್ ಪಡೆಯುವುದು, ನನಗೆ ಒಲವಿಲ್ಲ. ಬಯಾಲಜಿಯನ್ನೂ ಮೊದಲಿನಿಂದ ಓದಿಸುತ್ತಾರೆ, ಅವಳಿಗೆ ಅದು ಬೇಕಿಲ್ಲ. ಮನೆಯಲ್ಲೇ ಆನ್‌ಲೈನ್ ಅಂದರೆ ಮಳೆಗಾಲ ಮುಗಿಯುವವರೆಗೆ ಆಗಲ್ಲ. ಶಿವಮೊಗ್ಗದಲ್ಲಿ ಅತ್ತೆ ಮನೆಯಲ್ಲಿ ಇರಲಿ, ಫಿಸಿಕ್ಸಿಗೆ ಒಬ್ಬ ಒಳ್ಳೆ ಮೇಷ್ಟ್ರನ್ನು ಹುಡುಕಿ. ಭಾನುವಾರ ಮಧ್ಯಾಹ್ನ 2ರಿಂದ 5ರವರೆಗೆ, ನಿಜವಾದ ಪರೀಕ್ಷೆಯ ಹೊತ್ತಿಗೇ, ಪೂರ್ತಿ ಪೇಪರ್ ಬರೆದು ನೋಡಲಿ. ಈಗ 180 ಪ್ರಶ್ನೆಗೆ 180 ನಿಮಿಷ. ಬಯಾಲಜಿ ಬೇಗ ಮುಗಿಸಿದರೆ ಆ ಸಮಯ ಫಿಸಿಕ್ಸಿಗೆ ಸಿಗುತ್ತದೆ. ಖರ್ಚು ನನಗಿರಲಿ. ಅಪ್ಪಯ್ಯ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಲು ಇಟ್ಟ ದುಡ್ಡು ಮುಟ್ಟಬೇಡಿ.

ಇದೆಲ್ಲ ಅವಳಿಗೆ ಮನಸ್ಸಿದ್ದರೆ ಮಾತ್ರ. ಇರುವಕ್ಕಿ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಬಗ್ಗೆ ಅವಳು ಹಿಂದೆ ಬಹಳ ಆಸೆಯಿಂದ ಕೇಳಿದ್ದಳು. ಅದಕ್ಕೆ ಸೀಟು ಕೊಡುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಎಲೆಚುಕ್ಕಿ ರೋಗದಿಂದ ಅಡಿಕೆ ತೋಟಗಳು ಹೀಗೆ ಸೊರಗುತ್ತಿರುವಾಗ ಆ ಓದು ಕಡಿಮೆಯದೇನಲ್ಲ. ನೀಟ್‌ಗೆ ಈಗ ವಯಸ್ಸಿನ ಮೇಲ್ಮಿತಿಯೂ ಇಲ್ಲ. ಇಲ್ಲಿ ನಮ್ಮ ಆಸ್ಪತ್ರೆಯ ವಾರ್ಡಿಗೆ ಕಲಿಯಲು ಬರುವವರಲ್ಲಿ ಬೇರೆ ಡಿಗ್ರಿ ಮುಗಿಸಿ ಆಮೇಲೆ ಡಾಕ್ಟರ್ ಓದುತ್ತಿರುವವರೂ ಇದ್ದಾರೆ. ವರ್ಷ ಹಾಳಾಯ್ತು ಅಂತ ಯಾರೂ ಅವರಿಗೆ ಅನ್ನುವುದಿಲ್ಲ.

ಅಮ್ಮ, ನೀನೇ ಅವಳನ್ನು ಕೇಳು. ದೊಡ್ಡಪ್ಪ, ಅತ್ತೆ ಯಾರೂ ಇಲ್ಲದಾಗ ಕೇಳು. ಅಳುತ್ತಾ "ಬರೀತೀನಿ" ಅಂದರೆ ಅದನ್ನೇ ಹಿಡಿದುಕೊಳ್ಳಬೇಡ, ಒಂದು ವಾರ ಬಿಟ್ಟು ಮತ್ತೆ ಕೇಳು. ಅಲ್ಲಿಯವರೆಗೆ ಸಿಇಟಿ ದಾಖಲೆಗಳನ್ನೆಲ್ಲ ತೆಗೆದಿಡಿ. ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಆಗಿದೆಯಾ ನೋಡಿ.

ನಿಮ್ಮ ಮಗಳು