ಗಾಳಿಯ ವೇಗ ಸಾಕು, ನೀರಿನ ಎತ್ತರ ಬರೆಯಿರಿ

ಮಾನ್ಯ ಸಂಪಾದಕರೇ,

ಚಂಡಮಾರುತ ದಡಕ್ಕೆ ಬರುವ ಹೊತ್ತಿನಲ್ಲಿ ನಿಮ್ಮ ಪತ್ರಿಕೆಯನ್ನೂ ಟಿವಿಯನ್ನೂ ಮೊಬೈಲನ್ನೂ ಒಟ್ಟಿಗೆ ನೋಡುವವನು ನಾನು. ಎಲ್ಲ ಕಡೆ ದೊಡ್ಡ ಅಕ್ಷರದಲ್ಲಿ ಕಾಣುವುದು ಒಂದೇ ಅಂಕಿ, ಗಾಳಿಯ ವೇಗ. ಸಮುದ್ರದ ನೀರು ಎಷ್ಟು ಎತ್ತರ ಏರುತ್ತದೆ, ಯಾವ ಊರಿಗೆ ನುಗ್ಗುತ್ತದೆ, ಎಷ್ಟು ಗಂಟೆಗೆ ಅನ್ನುವುದು ಸುದ್ದಿಯ ತುದಿಯಲ್ಲಿ ಒಂದು ಸಾಲು. ಬಹಳ ಸಲ ಆ ಸಾಲೂ ಇರುವುದಿಲ್ಲ. ಆದರೆ ದೊಡ್ಡ ದೊಡ್ಡ ಚಂಡಮಾರುತಗಳಲ್ಲಿ ಜನ ಸತ್ತಿರುವುದು ಹೆಚ್ಚಾಗಿ ನೀರಿನಿಂದ. ಹಾಗಾಗಿ ಈ ಪತ್ರ.

ಸಿಂಧನೂರಿನವರಿಗೆ ಸಮುದ್ರದ ಉಸಾಬರಿ ಯಾಕೆ ಅಂತ ಯಾರಾದರೂ ಕೇಳಬಹುದು. ನಮ್ಮ ತಾಲ್ಲೂಕಿನ ಸುತ್ತ ಒಮ್ಮೆ ತಿರುಗಿ ಬಂದರೆ ಉತ್ತರ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕೃಷ್ಣಾ, ಗುಂಟೂರು, ಗೋದಾವರಿ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು ಇಲ್ಲಿಂದ ಗಂಗಾವತಿವರೆಗೂ ಇವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳ ಆರ್.ಎಚ್. ಕ್ಯಾಂಪುಗಳೂ ಇಲ್ಲೇ ಇವೆ. ಇವರ ಅಣ್ಣ-ತಮ್ಮಂದಿರು, ಬೀಗರು ಇವತ್ತಿಗೂ ಬಂಗಾಳ ಕೊಲ್ಲಿಯ ದಡದಲ್ಲಿದ್ದಾರೆ. ಕೊಪ್ಪಳ, ರಾಯಚೂರಿನಿಂದ ಮಲ್ಪೆ, ಮಂಗಳೂರಿಗೆ ದುಡಿಯಲು ಹೋದವರು ಬೇರೆ. ಚಂಡಮಾರುತ ಅಂದ ಕೂಡಲೇ ಇಲ್ಲಿಂದ ಅಲ್ಲಿಗೆ ಫೋನು ಶುರುವಾಗುತ್ತದೆ.

ನನ್ನದು ಗೊಬ್ಬರದ ಅಂಗಡಿ. ಅಂಗಡಿಯ ಟಿವಿ ಮುಂದೆ ಕುಳಿತು ಮಚಲಿಪಟ್ಟಣದ ತಂಗಿಗೆ ಫೋನ್ ಹಚ್ಚಿದ ಹಿರಿಯರೊಬ್ಬರನ್ನು ನೋಡಿದ್ದೇನೆ. ಆ ಕಡೆಯಿಂದ ತಂಗಿ ಕೇಳಿದ್ದು ಇಷ್ಟೇ, ಮನೆಯಲ್ಲೇ ಇರಲಾ, ಆಶ್ರಯಕ್ಕೆ ಶಾಲೆಗೆ ಹೋಗಲಾ? ಅಣ್ಣನ ಹತ್ತಿರ ಉತ್ತರವಿಲ್ಲ. ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿ, "ಗಾಳಿ ಎಷ್ಟೈತಿ ಅಂತ ಹೇಳ್ತಾರ, ನೀರು ಎಲ್ಲಿತನ ಬರ್ತೈತಿ ಅಂತ ಯಾರೂ ಹೇಳವಲ್ರು ನೋಡ್ರಿ" ಅಂದರು. ಟಿವಿಯಲ್ಲಿ ಆಗ ವರದಿಗಾರನೊಬ್ಬ ಛತ್ರಿ ಹಿಡಿದು ಗಾಳಿಗೆ ವಾಲಾಡುತ್ತಿದ್ದ.

2013ರ ನವೆಂಬರ್ 8ರಂದು ಫಿಲಿಪ್ಪೀನ್ಸ್‌ಗೆ ಅಪ್ಪಳಿಸಿದ ಹೈಯಾನ್ ಟೈಫೂನ್ ನೆನಪು ಮಾಡಿಕೊಳ್ಳಿ. ಅಲ್ಲಿಯವರು ಅದಕ್ಕೆ ಇಟ್ಟ ಹೆಸರು ಯೊಲಾಂಡಾ. ಟೈಫೂನ್, ಸೈಕ್ಲೋನ್ ಎರಡೂ ಒಂದೇ ಜಾತಿಯ ಬಿರುಗಾಳಿ, ಸಮುದ್ರ ಬೇರೆ ಅಷ್ಟೆ. ಆವತ್ತು ಅಲ್ಲಿಯ ಸಮಯ ಬೆಳಗಿನ 4.40ಕ್ಕೆ ಪೂರ್ವ ಸಮಾರ್‌ನ ಗಿವಾನ್ ಎಂಬಲ್ಲಿ ಅದು ಮೊದಲು ನೆಲ ಮುಟ್ಟಿತು. ನಮ್ಮಲ್ಲಿ ಆಗ ರಾತ್ರಿ 2.10. ಬೆಳಿಗ್ಗೆ ನಾವು ಟಿವಿ ಹಾಕುವಷ್ಟರಲ್ಲಿ "ದಡಕ್ಕೆ ಅಪ್ಪಳಿಸಿದ ಟೈಫೂನ್, ಗಾಳಿ 315 ಕಿ.ಮೀ." ಅಂತ ಪಟ್ಟಿ ಓಡುತ್ತಿತ್ತು. ಸತ್ತವರು ಮೂರ್ನಾಲ್ಕು ಜನ ಅಂತ ಮೊದಲ ದಿನದ ಸುದ್ದಿ. ಇಷ್ಟು ದೊಡ್ಡ ಗಾಳಿಗೆ ಇಷ್ಟೇ ಸಾವಾ, ದೇವರು ದೊಡ್ಡವನು ಅಂದುಕೊಂಡ ಜನ ಎಷ್ಟೋ.

ನಿಜ ಏನೆಂದರೆ, ಗಿವಾನ್ ಮುಟ್ಟಿದ ಮೇಲೆ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ, 7 ಗಂಟೆಗೆ, ಅದು ಲೇಟೆ ದ್ವೀಪದ ಟೊಲೊಸಾ ಹತ್ತಿರ ಮತ್ತೆ ನೆಲ ಮುಟ್ಟಿತು. ಟಕ್ಲೋಬನ್ ನಗರ ಅದಕ್ಕೆ ಸ್ವಲ್ಪ ಉತ್ತರಕ್ಕಿದೆ, ಸ್ಯಾನ್ ಪೆಡ್ರೊ ಕೊಲ್ಲಿಯ ತುದಿಯಲ್ಲಿ. ಆ ಕೊಲ್ಲಿ ಆಳವಿಲ್ಲ, ಒಳಗೆ ಹೋದಂತೆ ಇಕ್ಕಟ್ಟಾಗುತ್ತದೆ. ಮೊದಲು ಗಾಳಿ ನೆಲದ ಕಡೆಯಿಂದ ಬೀಸಿ ಕೊಲ್ಲಿಯ ನೀರನ್ನು ಹೊರಕ್ಕೆ ತಳ್ಳಿತು. ಚಂಡಮಾರುತದ ಕಣ್ಣು, ಅಂದರೆ ಅದರ ನಡುಭಾಗ, ಹತ್ತಿರ ಬರುತ್ತಿದ್ದ ಹಾಗೆ ಗಾಳಿಯ ದಿಕ್ಕು ತಿರುಗಿತು, ಹೋದ ನೀರೂ ಅದರ ಹಿಂದಿನ ನೀರೂ ಒಟ್ಟಾಗಿ ಊರಿನೊಳಗೆ ಬಂತು. ಐದು ಮೀಟರಿಗೂ ಹೆಚ್ಚು. ಅಂದರೆ ನೆಲಮಹಡಿ ಪೂರ್ತಿ ಮುಳುಗಿ ಮೇಲಿನ ಮಹಡಿಯಲ್ಲೂ ನಿಲ್ಲಲು ಜಾಗ ಹುಡುಕಬೇಕು. ಗಾಳಿ ತಡೆಯುತ್ತದೆ ಅಂತ ನಂಬಿ ಜನರನ್ನು ಕೂರಿಸಿದ್ದ ಗಟ್ಟಿ ಕಟ್ಟಡಗಳಿಗೇ ಕೆಲವು ಕಡೆ ನೀರು ನುಗ್ಗಿತು. ಕಟ್ಟಡ ಗಟ್ಟಿಯೇ ಇತ್ತು, ಆದರೆ ತಗ್ಗಿನಲ್ಲಿತ್ತು. ಈವಾ ಜೋಸಲಿನ್ ಎಂಬ ಹಡಗು ಮನೆಗಳ ಮೇಲೆ ಬಂದು ಕುಳಿತಿತು. ಅದರ ಮೂತಿಯ ಭಾಗವನ್ನು ಅಲ್ಲೇ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.

ಮೊದಲ ದಿನ ಸಾವಿನ ಲೆಕ್ಕ ಯಾಕೆ ಅಷ್ಟು ಕಡಿಮೆ ಇತ್ತು ಅಂದರೆ ಟಕ್ಲೋಬನ್‌ನಿಂದ ಫೋನೇ ಬರುತ್ತಿರಲಿಲ್ಲ. ಕರೆಂಟಿಲ್ಲ, ಟವರಿಲ್ಲ, ವಿಮಾನ ನಿಲ್ದಾಣವೂ ನೀರುಪಾಲು. ಎರಡು ದಿನ ಬಿಟ್ಟು ಹತ್ತು ಸಾವಿರ ಇರಬಹುದು ಎಂಬ ಅಂದಾಜು ಬಂತು, ಕೊನೆಗೆ ಸರ್ಕಾರಿ ಲೆಕ್ಕ 6,300ಕ್ಕೆ ನಿಂತಿತು, ಮೇಲೆ ಸಾವಿರಕ್ಕೂ ಹೆಚ್ಚು ಜನ ನಾಪತ್ತೆ. ಹಾಗಾಗಿ ಬಿರುಗಾಳಿ ನೆಲ ಮುಟ್ಟಿದ ಮೊದಲ ಗಂಟೆಗಳಲ್ಲಿ "ಸಾವು ಇಷ್ಟೇ" ಅಂತ ತಲೆಬರಹ ಕೊಡುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಹೊತ್ತಿನಲ್ಲಿ ಯಾವ ಯಾವ ಊರಿನಿಂದ ಸುದ್ದಿ ಬರುವುದು ನಿಂತಿದೆ ಅಂತ ಬರೆಯಿರಿ. ಹೆಚ್ಚು ಪೆಟ್ಟು ತಿಂದ ಊರು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

"ದಡ ದಾಟಿತು" ಎಂಬ ತಲೆಬರಹವೂ ಹಾಗೇ. ಓದಿದವನಿಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ಕಣ್ಣಿನ ನಡುಭಾಗ ನೆಲ ಮುಟ್ಟಿದ ಗಳಿಗೆ ಅದು, ಅಷ್ಟೇ. ನೀರು ಅದಕ್ಕಿಂತ ಮೊದಲೂ ಬರಬಹುದು, ಆಮೇಲೂ ಬರಬಹುದು. ಕಣ್ಣು ಊರ ಮೇಲೆ ಬಂದಾಗ ಗಾಳಿ ನಿಲ್ಲುತ್ತದೆ, ಜನ ಮನೆ ಏನಾಯಿತು ನೋಡೋಣ ಅಂತ ಹೊರಗೆ ಬರುತ್ತಾರೆ, ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಮತ್ತೆ ಶುರು.

ಈ ನೀರು ಏರುವುದು ಹೇಗೆ ಅನ್ನುವುದನ್ನೂ ನೀವು ಒಮ್ಮೆ ಚಿತ್ರ ಹಾಕಿ ತೋರಿಸಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ಅಗಲ ಪರಾತದಲ್ಲಿ ನೀರು ಹಾಕಿ ಒಂದೇ ಕಡೆಯಿಂದ ಊದಿದರೆ ಎದುರಿನ ಅಂಚಿನಲ್ಲಿ ನೀರು ಏರುತ್ತದೆ, ಅಲ್ವಾ, ಗಾಳಿ ಸಮುದ್ರಕ್ಕೆ ಮಾಡುವುದೂ ಅದನ್ನೇ. ವಾಯುಭಾರ ಕುಸಿದಿದ್ದರಿಂದಲೂ ನೀರು ಸ್ವಲ್ಪ ಮೇಲೇಳುತ್ತದೆ, ಒಂದು ಮಿಲಿಬಾರ್ ಇಳಿದರೆ ಸುಮಾರು ಒಂದು ಸೆಂಟಿಮೀಟರ್. ಹೈಯಾನ್ ನಡುವಿನ ವಾಯುಭಾರ 895ಕ್ಕೆ ಇಳಿದಿತ್ತು ಅಂತ ಅಂದಾಜು. ಸಾಮಾನ್ಯ ದಿನ 1013. ನಡುಭಾಗದಲ್ಲಿ ಅದೊಂದರಿಂದಲೇ ಒಂದು ಮೀಟರಿಗೂ ಹೆಚ್ಚಾಯಿತು, ಉಳಿದದ್ದು ಗಾಳಿಯ ಕೆಲಸ. ದಡದ ಹತ್ತಿರ ಸಮುದ್ರ ಆಳವಿಲ್ಲದಿದ್ದರೆ ನೀರಿಗೆ ಕೆಳಗೆ ಹಿಂದೆ ಸರಿಯಲು ಜಾಗವಿಲ್ಲ, ಮೇಲೆಯೇ ಏರಬೇಕು. ಬಂಗಾಳ ಕೊಲ್ಲಿಯ ಉತ್ತರದ ತುದಿ ಇಷ್ಟು ಅಪಾಯದ್ದಾಗಿರುವುದು ಅದಕ್ಕೇ. ಇನ್ನೊಂದು, ಉತ್ತರ ಗೋಳಾರ್ಧದಲ್ಲಿ ಚಂಡಮಾರುತ ಸಾಗುವ ದಾರಿಯ ಬಲಗಡೆ ನೀರು ಜಾಸ್ತಿ, ಎಡಗಡೆ ಗಾಳಿ ನೆಲದಿಂದ ಸಮುದ್ರದ ಕಡೆ ಬೀಸುವುದರಿಂದ ಕಡಿಮೆ. ಟಕ್ಲೋಬನ್ ಇದ್ದದ್ದು ಬಲಕ್ಕೆ. ಹಾಗಾಗಿ ನಕಾಶೆಯಲ್ಲಿ ಒಂದು ಗೆರೆ ಎಳೆದು ಇಲ್ಲಿ ದಾಟುತ್ತದೆ ಅಂತ ಬಾಣ ಹಾಕಿದರೆ ಸಾಲದು, ಬಾಣದ ಬಲಗಡೆಯ ಊರುಗಳ ಹೆಸರು ಬೇಕು.

ಮತ್ತೆ ಆ ದಿನದ ಭರತದ ಸಮಯವೂ ಬೇಕು, ಅಂದರೆ ಸಮುದ್ರದ ನೀರು ದಿನವೂ ಉಬ್ಬುವ ಹೊತ್ತು. 1970ರ ನವೆಂಬರ್ 12ರ ರಾತ್ರಿ ಭೋಲಾ ಚಂಡಮಾರುತ ಪೂರ್ವ ಪಾಕಿಸ್ತಾನಕ್ಕೆ ಬಂದದ್ದು ಸರಿಯಾಗಿ ಭರತದ ಹೊತ್ತಿಗೆ. ಸತ್ತವರು ಕಡಿಮೆ ಅಂದರೂ ಮೂರು ಲಕ್ಷ. ಆರ್.ಎಚ್. ಕ್ಯಾಂಪಿನ ವಯಸ್ಸಾದವರ ಮುಂದೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮಾ ಕೊಚ್ಚಿಹೋದದ್ದನ್ನು ನಮ್ಮ ತೆಲುಗು ಕ್ಯಾಂಪಿನವರು ಇವತ್ತಿಗೂ ದನಿ ತಗ್ಗಿಸಿಯೇ ಹೇಳುವುದು. ಅಲ್ಲೂ ಹತ್ತು ಸಾವಿರದಷ್ಟು ಜನ ಹೋದರು, ಅಲ್ಲೂ ನೀರೇ.

ಹೇಳಿದರೆ ಜನ ಕೇಳುತ್ತಾರಾ ಅಂತ ಅನುಮಾನ ಇರುವವರು ಒಡಿಶಾ ನೋಡಲಿ. 1999ರ ಅಕ್ಟೋಬರ್ 29ರ ಸೂಪರ್ ಸೈಕ್ಲೋನ್‌ಗೆ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಹದಿನಾಲ್ಕು ವರ್ಷ ಬಿಟ್ಟು 2013ರ ಅಕ್ಟೋಬರ್ 12ಕ್ಕೆ ಗೋಪಾಲಪುರದ ಹತ್ತಿರ ಫೈಲಿನ್ ಬಂತು, ಹೈಯಾನ್‌ಗೆ ಆಗ ಇನ್ನೂ ಒಂದು ತಿಂಗಳೂ ಇರಲಿಲ್ಲ. ಹತ್ತು ಲಕ್ಷದ ಹತ್ತಿರ ಜನರನ್ನು ಮೊದಲೇ ಮೇಲಿನ ಜಾಗಕ್ಕೆ ಸಾಗಿಸಿದ್ದರು. ಸಾವಿನ ಲೆಕ್ಕ ನೂರನ್ನೂ ಮುಟ್ಟಲಿಲ್ಲ. ಊರೂರಿನಲ್ಲಿ ಕಟ್ಟಿದ ಎತ್ತರದ ಆಶ್ರಯ ಕಟ್ಟಡ, ಮನೆ ಮನೆಗೆ ಹೋಗಿ ಎಬ್ಬಿಸಿದ ಊರಿನ ಹುಡುಗರು, ಸಮಯಕ್ಕೆ ಸಿಕ್ಕ ಮಾಹಿತಿ, ಎಲ್ಲ ಸೇರಿ ಆದದ್ದು. ಇದನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ನಮ್ಮಲ್ಲಿ ಮಾಹಿತಿ ಇಲ್ಲ ಅಂತಲ್ಲ. ಹವಾಮಾನ ಇಲಾಖೆ ಚಂಡಮಾರುತ ಇದ್ದಾಗ ಮೂರು ಗಂಟೆಗೊಮ್ಮೆ ಪ್ರಕಟಣೆ ಕೊಡುತ್ತದೆ, ದಡದ ಹತ್ತಿರ ಬಂದಾಗ ಗಂಟೆಗೊಮ್ಮೆ. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ ಸಂಸ್ಥೆ ಸಮುದ್ರದ ನೀರು ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕಿ ಕೊಡುತ್ತದೆ. ದಿನದ ಭರತದ ಮಟ್ಟಕ್ಕಿಂತ ಇಷ್ಟು ಮೀಟರ್ ಹೆಚ್ಚು, ಈ ಈ ಜಿಲ್ಲೆಗಳ ತಗ್ಗು ಪ್ರದೇಶಕ್ಕೆ ನೀರು ನುಗ್ಗಬಹುದು ಅಂತ ಆ ಪ್ರಕಟಣೆಯಲ್ಲೇ ಇರುತ್ತದೆ. ಅದು ಇಂಗ್ಲಿಷಿನಲ್ಲಿ ಉಳಿದುಹೋಗುತ್ತದೆ, ಕನ್ನಡಕ್ಕೆ ಬರುವಾಗ ಗಾಳಿಯ ಅಂಕಿ ಮಾತ್ರ ದಾಟಿ ಬರುತ್ತದೆ. ಆ ಗಾಳಿಯ ಅಂಕಿಯಾದರೂ ಸರಿಯಾಗಿ ಬರುತ್ತದಾ ಅಂದರೆ ಅದೂ ಇಲ್ಲ. ಹೈಯಾನ್‌ಗೆ ಅಮೆರಿಕದ ನೌಕಾಪಡೆ ಕೇಂದ್ರ 315 ಅಂದಿತು, ಜಪಾನ್ 230 ಅಂದಿತು. ಇಬ್ಬರೂ ಸುಳ್ಳು ಹೇಳಲಿಲ್ಲ. ಅಮೆರಿಕದವರದು ಒಂದು ನಿಮಿಷದ ಸರಾಸರಿ, ಜಪಾನಿನದು ಹತ್ತು ನಿಮಿಷದ್ದು, ನಮ್ಮ ಇಲಾಖೆಯದು ಮೂರು ನಿಮಿಷದ್ದು. ಯಾರ ಅಂಕಿ ಅಂತ ಬರೆಯದೆ ಒಂದಕ್ಕೊಂದು ಹೋಲಿಸಿ "ದಾಖಲೆ ಮುರಿದ ಗಾಳಿ" ಅಂತ ಹಾಕಿದರೆ ಓದುವವರಿಗೆ ಉಪಯೋಗವಿಲ್ಲ.

ಇನ್ನು ವಾಟ್ಸಾಪ್. ಚಂಡಮಾರುತ ಬಂದ ದಿನ ಎಲ್ಲಿಯದೋ ಹಳೆಯ ಸುನಾಮಿ ವಿಡಿಯೋ "ಈಗ ತಾನೆ ಬಂದದ್ದು" ಅಂತ ಓಡಾಡುತ್ತದೆ. ಅದನ್ನು ನೋಡಿ ದಡದವರಿಗೆ ಗಾಬರಿಯಾಗಿ ಫೋನ್ ಮಾಡುವವರೂ ನಮ್ಮವರೇ. ಕೆಲವು ಚಾನೆಲ್ಲುಗಳೂ ಹಳೆಯ ದೃಶ್ಯವನ್ನು ದಿನಾಂಕ ಹಾಕದೆ ತಿರುಗಿಸುತ್ತವೆ. ಸುಮ್ನೆ ಹೆದರಿಸಿದರೆ ಏನು ಬಂತು? ಎರಡು ಸಲ ಹೆದರಿದವನು ಮೂರನೆಯ ಸಲ ಮನೆ ಬಿಟ್ಟು ಏಳುವುದಿಲ್ಲ.

ನಮ್ಮ ಹೊಲದ ಮಾತೂ ಒಂದಿದೆ. ಆಂಧ್ರದ ದಡ ದಾಟಿದ ಮೇಲೆ ಟಿವಿಯವರು ಮೈಕು ಮಡಚಿ ಹೋಗುತ್ತಾರೆ. ಚಂಡಮಾರುತ ಸೊರಗಿ ವಾಯುಭಾರ ಕುಸಿತವಾಗಿ ನಮ್ಮ ಕಡೆ ತಿರುಗಿದರೆ ನಮಗೆ ಆಗಲೇ ಶುರು. ಅಕ್ಟೋಬರ್-ನವೆಂಬರ್ ಅಂದರೆ ಭತ್ತ ತೆನೆ ಭಾರಕ್ಕೆ ಬಾಗಿರುತ್ತದೆ, ಇಲ್ಲಾ ಕೊಯ್ಲು ಮಷಿನ್‌ನಿಂದ ಇಳಿದು ರಸ್ತೆ ಮೇಲೆ ಒಣಗಲು ಹರಡಿರುತ್ತದೆ. ಹತ್ತಿ ಬಿಡಿಸುವ ಕಾಲವೂ ಅದೇ. ಆರು ಗಂಟೆ ಮೊದಲು ಗೊತ್ತಾದರೆ ರಾಶಿ ಕೂಡಿಸಿ ತಾಡಪತ್ರಿ ಮುಚ್ಚಬಹುದು, ಗೊತ್ತಾಗದಿದ್ದರೆ ಕಾಳು ಮೊಳಕೆ ಒಡೆದು ಮಿಲ್ಲಿನವರು ಕೈಯಲ್ಲಿ ಹಿಡಿದು ನೋಡಿ ಕೆಳಗೆ ಹಾಕುತ್ತಾರೆ. 2009ರ ಅಕ್ಟೋಬರ್ ಮೊದಲ ವಾರದ ಮಳೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ್ದೇ. ರಾಯಚೂರಿನ ನದಿ ದಂಡೆಯ ಊರುಗಳು, ಮಂತ್ರಾಲಯ, ಕರ್ನೂಲು ಎಲ್ಲ ಮುಳುಗಿದ್ದನ್ನು ನಿಮ್ಮ ಹಳೆಯ ಸಂಚಿಕೆಗಳಲ್ಲೇ ನೋಡಬಹುದು.

ನಾನು ಕೇಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಚಂಡಮಾರುತ ದಡಕ್ಕೆ ಬರುವ ಹಿಂದಿನ ದಿನ ಒಂದು ಸಣ್ಣ ಚೌಕ ಹಾಕಿ. ನೀರು ಎಷ್ಟು ಮೀಟರ್ ಏರಬಹುದು, ಅದು ಮನೆಯ ಎಷ್ಟು ಎತ್ತರಕ್ಕೆ ಬರುತ್ತದೆ, ಯಾವ ಯಾವ ತಾಲ್ಲೂಕು, ಭರತ ಎಷ್ಟು ಗಂಟೆಗೆ, ಆಶ್ರಯ ಕಟ್ಟಡ ಎಲ್ಲಿ, ಆ ಜಿಲ್ಲೆಯ ಕಂಟ್ರೋಲ್ ರೂಮ್ ನಂಬರ್ ಏನು. ನಿಮ್ಮ ಜಾಲತಾಣದಲ್ಲಿ ಅದನ್ನೇ ಪ್ರತಿ ಪ್ರಕಟಣೆ ಬಂದ ಹಾಗೆ ಸಮಯ ನಮೂದಿಸಿ ಬದಲಿಸುತ್ತಾ ಹೋಗಿ. ದಡ ದಾಟಿದ ಮೇಲೆ ಮಳೆ ಯಾವ ಕಡೆ ತಿರುಗಿತು ಅಂತ ಇನ್ನೆರಡು ದಿನ ಬಿಡದೆ ಬರೆಯಿರಿ. ಮತ್ತು ದಯವಿಟ್ಟು ಈ ಚೌಕವನ್ನು ಕರಾವಳಿ ಪುಟಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ, ರಾಯಚೂರು-ಕೊಪ್ಪಳ-ಬಳ್ಳಾರಿ ಪುಟದಲ್ಲೂ ಹಾಕಿ. ಫೋನ್ ಮಾಡುವವರು ಇಲ್ಲಿದ್ದಾರೆ.

ಇಂತಿ ನಿಮ್ಮ ಓದುಗ,
ಸಿಂಧನೂರು, ರಾಯಚೂರು ಜಿಲ್ಲೆ