ಲ್ಯಾಪ್‌ಟಾಪ್ ಬಿಟ್ಟು ಹೋಗಬೇಡಿ, ಜೊತೆಗೆ ಬಂದು ಕೂರಿ

ನಮ್ಮ ಎಲ್ಲ ಗ್ರಾಹಕರಿಗೆ, ಅದರಲ್ಲೂ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರಿಗೆ ನಮಸ್ಕಾರ.

ಬರುವ ತಿಂಗಳು ಒಂದನೇ ತಾರೀಖಿನಿಂದ ಅಂಗಡಿಯಲ್ಲಿ ಒಂದು ಬದಲಾವಣೆ ಇದೆ. ಪ್ರೋಗ್ರಾಮಿಂಗ್ ಕಲಿಯಲು ಬೇಕಾದ ಪೈಥಾನ್, ಸಿ, ಜಾವಾ, ವಿಎಸ್ ಕೋಡ್ ಹಾಕಿಸಿಕೊಳ್ಳಲು ಲ್ಯಾಪ್‌ಟಾಪ್ ಬಿಟ್ಟು ಹೋಗಿ ಸಂಜೆ ಬಂದು ಒಯ್ಯುವುದು ಇನ್ನು ಮುಂದೆ ಇರುವುದಿಲ್ಲ. ಅದನ್ನು ಯಾರು ಬಳಸುತ್ತಾರೋ ಅವರೇ ಬಂದು ನಮ್ಮ ಪಕ್ಕ ಕೂರಬೇಕು. ಕೀಬೋರ್ಡ್ ಅವರ ಕೈಯಲ್ಲೇ ಇರುತ್ತದೆ, ಹೇಳಿಕೊಡುವುದು ನಮ್ಮ ಕೆಲಸ. ಸ್ಕ್ರೀನ್ ಒಡೆದಿದೆ, ಚಾರ್ಜ್ ಆಗುತ್ತಿಲ್ಲ, ವಿಂಡೋಸ್ ಹಾಕಬೇಕು ಅಂದರೆ ಎಂದಿನ ಹಾಗೆ ಬಿಟ್ಟು ಹೋಗಿ, ಅದರಲ್ಲೇನೂ ಬದಲಾವಣೆ ಇಲ್ಲ.

ಯಾಕೆ ಅಂತ ಹೇಳುತ್ತೇವೆ. ಅಪ್ಪಂದಿರು ಬರುತ್ತಾರೆ, "ಮಗಳು ಕಾಲೇಜಲ್ಲಿದ್ದಾಳೆ ಸಾರ್, ಏನೋ ಪೈಥಾನ್ ಅಂತೆ, ನೀವೇ ಹಾಕಿಡಿ" ಅನ್ನುತ್ತಾರೆ. ನಾವು ಹಾಕುತ್ತೇವೆ, ಒಂದು ಪ್ರೋಗ್ರಾಂ ಓಡಿಸಿ ನೋಡುತ್ತೇವೆ, ಸರಿ ಇದೆ ಅಂತ ಕೊಡುತ್ತೇವೆ. ಒಂದು ವಾರ ಕಳೆಯುವಷ್ಟರಲ್ಲಿ ಅದೇ ಲ್ಯಾಪ್‌ಟಾಪ್ ವಾಪಸ್ ಬರುತ್ತದೆ, "ನೀವು ಹಾಕಿದ್ದು ಹೋಯ್ತು" ಅನ್ನುವ ದೂರಿನ ಜೊತೆ. ತೆರೆದು ನೋಡಿದರೆ ಎಲ್ಲಿಯೂ ಹೋಗಿರುವುದಿಲ್ಲ. ಒಳಗೆ ಏನೇನಿದೆ, ಯಾವುದು ಯಾವುದನ್ನು ಕರೆಯುತ್ತದೆ ಅನ್ನುವುದು ಆ ಮಗುವಿಗೆ ಗೊತ್ತಿರುವುದಿಲ್ಲ, ಅಷ್ಟೇ. ಹಾಕುವಾಗ ಅವಳು ಅಲ್ಲಿರಲೇ ಇಲ್ಲವಲ್ಲ.

ಮೊದಲ ಗೊಂದಲ ಅಂದರೆ ವಿಎಸ್ ಕೋಡ್ ಹಾಕಿದ ಮೇಲೆ ಪೈಥಾನ್ ಬಂದುಬಿಟ್ಟಿತು ಅಂದುಕೊಳ್ಳುವುದು. ವಿಎಸ್ ಕೋಡ್ ಬರೆಯುವ ಜಾಗ ಮಾತ್ರ. ಅದರೊಳಗೆ ಹಾಕುವ ಪೈಥಾನ್ ಎಕ್ಸ್‌ಟೆನ್ಷನ್ ಕೂಡ ಪೈಥಾನ್ ಅಲ್ಲ. ಅಸಲಿ ಪೈಥಾನನ್ನು ಅದರದೇ ಸೈಟಿನಿಂದ ಬೇರೆಯಾಗಿ ಇಳಿಸಿಕೊಂಡು ಹಾಕಬೇಕು. ಇಲ್ಲದಿದ್ದರೆ ಸ್ಟವ್ ತಂದಿಟ್ಟು ಸಿಲಿಂಡರ್ ಮರೆತ ಹಾಗೆ.

ಇನ್ನೊಂದು ನಿಜಕ್ಕೂ ತಲೆ ತಿನ್ನುವ ವಿಷಯ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಪೈಥಾನ್ ಅಂತ ಟೈಪ್ ಮಾಡಿದರೆ "ಪೈಥಾನ್ ವಾಸ್ ನಾಟ್ ಫೌಂಡ್" ಅನ್ನುತ್ತದೆ, ಜೊತೆಗೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿಕೋ ಅಂತ ಪುಕ್ಕಟೆ ಸಲಹೆ. ವಿಂಡೋಸ್ ತಾನೇ ಆ ಹೆಸರಿನಲ್ಲಿ ಒಂದು ಅಡ್ಡದಾರಿ ಇಟ್ಟಿರುತ್ತದೆ, ಅದಕ್ಕೇ ಹೀಗೆ. ಇನ್‌ಸ್ಟಾಲ್ ಮಾಡುವಾಗ ಮೊದಲ ಕಿಟಕಿಯ ಕೆಳಗೆ "ಆಡ್ ಪೈಥಾನ್ ಟು ಪಾತ್" ಅನ್ನುವ ಚೌಕ ಬರುತ್ತಲ್ಲ (ಪಾತ್ ಅಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಪಟ್ಟಿ), ಅಲ್ಲಿ ಟಿಕ್ ಹಾಕದೇ ಸುಮ್ನೆ ಮುಂದೆ ಒತ್ತಿಕೊಂಡು ಹೋದವರಿಗೆ ಇದು ಗ್ಯಾರಂಟಿ, ಯಾಕೆಂದರೆ ಆ ಟಿಕ್ ತಾನಾಗಿ ಬಂದಿರುವುದಿಲ್ಲ. ಆಮೇಲೆ ಮಕ್ಕಳು ಸ್ಟೋರ್‌ನಿಂದಲೂ ಒಂದು ಹಾಕಿಕೊಳ್ಳುತ್ತಾರೆ. ಈಗ ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್. ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ತಂದುಕೊಡುವ ಪಿಪ್‌ಗೆ ಹೇಳಿ ನಮ್‌ಪೈ ಅನ್ನುವ ಲೈಬ್ರರಿ ತರಿಸಿದರೆ ಅದು ಒಂದರೊಳಗೆ ಹೋಗಿ ಕೂರುತ್ತದೆ, ವಿಎಸ್ ಕೋಡ್ ಇನ್ನೊಂದನ್ನು ಓಡಿಸುತ್ತದೆ, "ಮಾಡ್ಯೂಲ್ ನಾಟ್ ಫೌಂಡ್" ಅಂತ ಕೆಂಪಕ್ಷರ ಬರುತ್ತದೆ. ಹುಡುಗರು ನಮ್‌ಪೈಯನ್ನೇ ಮತ್ತೆ ಮತ್ತೆ ಹಾಕುತ್ತಾರೆ. ಅದು "ಆಗಲೇ ಇದೆ" ಅನ್ನುತ್ತದೆ. ಅದು ಹೇಳುವುದೂ ನಿಜವೇ!

ಇದಕ್ಕೆ ಮದ್ದು ಕಷ್ಟದ್ದಲ್ಲ. ಪೈಥಾನ್ ಫೈಲ್ ತೆರೆದಿರುವಾಗ ವಿಎಸ್ ಕೋಡಿನ ಕೆಳಗೆ ಬಲಮೂಲೆಯಲ್ಲಿ ಯಾವ ಪೈಥಾನ್ ಅಂತ ಬರೆದಿರುತ್ತದೆ. ಅದರ ಮೇಲೆ ಒತ್ತಿ ಬೇಕಾದ್ದನ್ನು ಆರಿಸಿ. ಪಿಪ್ ಅನ್ನು ಒಂಟಿಯಾಗಿ ಕರೆಯದೆ "ಪೈಥಾನ್ ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್" (python -m pip install) ಅಂತ ಕರೆಯಿರಿ, ಆಗ ಯಾವ ಪೈಥಾನನ್ನು ಕರೆದಿರೋ ಅದಕ್ಕೇ ಸಾಮಾನು ಬರುತ್ತದೆ. ಪಾತ್ ಬದಲಾಯಿಸಿದ ಮೇಲೆ ವಿಎಸ್ ಕೋಡನ್ನು ಪೂರ್ತಿ ಮುಚ್ಚಿ ತೆರೆಯಿರಿ, ಒಳಗಿನ ಟರ್ಮಿನಲ್ ಒಂದನ್ನು ಮುಚ್ಚಿದರೆ ಸಾಲದು. ಯಾವ ಪ್ರೋಗ್ರಾಂ ಆದರೂ ಪಾತ್ ಓದಿಕೊಳ್ಳುವುದು ತಾನು ಶುರುವಾಗುವಾಗ, ಒಳಗಿನ ಟರ್ಮಿನಲ್‌ಗೆ ಸಿಗುವುದು ವಿಎಸ್ ಕೋಡ್ ಓದಿಕೊಂಡ ಆ ಹಳೇ ಪಾತೇ. "ಎಲ್ಲಾ ಸರಿ ಮಾಡಿದೆ ಅಂಕಲ್, ಆದ್ರೂ ಬರ್ತಿಲ್ಲ" ಅನ್ನುವವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿರುವುದು ಇಷ್ಟೇ.

ಸಿ ಕಲಿಯುವವರ ಕಥೆ ಬೇರೆ. ಕೆಲವು ಲ್ಯಾಬ್‌ಗಳಲ್ಲಿ ಇನ್ನೂ ನೀಲಿ ಪರದೆಯ ಟರ್ಬೋ ಸಿ ಇದೆ. ಅದು 16 ಬಿಟ್ ಕಾಲದ್ದು, ಈಗಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಹಳೇ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಬೇಕು. ಮನೆಯಲ್ಲಿ ಈಗಿನ ಕಾಲದ ಸಿ ಕಂಪೈಲರ್ ಆದ ಜಿಸಿಸಿ ಹಾಕಿಸಿಕೊಂಡು ಲ್ಯಾಬಿನ ಪ್ರೋಗ್ರಾಂ ಓಡಿಸಿದರೆ ಪರದೆ ಅಳಿಸುವ ಕ್ಲಿಯರ್ ಸ್ಕ್ರೀನ್ (clrscr) ಸಾಲಿಗೆ ಬಂದು ನಿಲ್ಲುತ್ತದೆ. ಆ ಫಂಕ್ಷನ್ ಟರ್ಬೋ ಸಿಯದ್ದು, ಜಿಸಿಸಿಯಲ್ಲಿ ಇಲ್ಲ. ಹಾಗಾಗಿ ಬರುವ ಮುಂಚೆ ನಿಮ್ಮ ಲ್ಯಾಬಿನಲ್ಲಿ ಏನು ಬಳಸುತ್ತಾರೆ ಅಂತ ಕೇಳಿಕೊಂಡು ಬನ್ನಿ. ಅದನ್ನೇ ಹಾಕೋಣ. ನಮ್ಮನ್ನು ಕೇಳಿದರೆ ಜಿಸಿಸಿಯೇ ಒಳ್ಳೆಯದು, ಆದರೆ ಇಂಟರ್ನಲ್ಸ್ ಮಾರ್ಕ್ಸ್ ಕೊಡುವವರು ನಾವಲ್ಲ ಅಲ್ವಾ?

ಜಿಸಿಸಿಯಲ್ಲಿ "ಅನ್‌ಡಿಫೈನ್ಡ್ ರೆಫರೆನ್ಸ್ ಟು ವಿನ್‌ಮೇನ್" ಅಂತ ಒಂದು ಎರರ್ ಬರುತ್ತದೆ. ನೋಡಿದವರು ಹೆದರಿ ಎಲ್ಲ ಅನ್‌ಇನ್‌ಸ್ಟಾಲ್ ಮಾಡಿಬಿಡುತ್ತಾರೆ. ಬಹಳ ಸಲ ಕಾರಣ ಇಷ್ಟೇ: ಫೈಲ್ ಸೇವ್ ಮಾಡಿಲ್ಲ. ಕಂಪೈಲರ್‌ಗೆ ಸಿಕ್ಕಿದ್ದು ಖಾಲಿ ಫೈಲು, ಅದರಲ್ಲಿ ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್ ಇಲ್ಲ. ವಿಎಸ್ ಕೋಡಿನಲ್ಲಿ ಫೈಲ್ ಹೆಸರಿನ ಪಕ್ಕ ಕ್ರಾಸ್ ಗುರುತಿನ ಬದಲು ಗುಂಡು ಚುಕ್ಕೆ ಕಂಡರೆ ಸೇವ್ ಆಗಿಲ್ಲ ಅಂತಲೇ ಅರ್ಥ. ಆಟೋ ಸೇವ್ ಆನ್ ಮಾಡಿಕೊಂಡರೆ ಈ ರಗಳೆಯೇ ಇಲ್ಲ.

ಜೊತೆಗೆ ಇನ್ನೊಂದು ನಿಯಮ ತಂದಿದ್ದೇವೆ. ಹೊಚ್ಚಹೊಸ ಪೈಥಾನ್ ಆವೃತ್ತಿಯನ್ನು ಬಂದ ಕೂಡಲೇ ಹಾಕಿಕೊಡುವುದಿಲ್ಲ, ಅದರ ಹಿಂದಿನದನ್ನು ಹಾಕುತ್ತೇವೆ. ಈಗೀಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ, ಹೆಚ್ಚುಕಡಿಮೆ ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೇ, ಹೊಸ ಪೈಥಾನ್ ಬರುತ್ತದೆ. ಆದರೆ ಲೈಬ್ರರಿಗಳೆಲ್ಲ ಅದೇ ದಿನ ಸಿದ್ಧ ಇರುವುದಿಲ್ಲ, ಕೆಲವಕ್ಕೆ ತಿಂಗಳುಗಳೇ ಬೇಕು. ತಯಾರಾದ ಪ್ಯಾಕೇಜ್ ಸಿಗದಿದ್ದಾಗ ಪಿಪ್ ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಕಟ್ಟಲು ಹೋಗುತ್ತದೆ, ಆಗ "ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್ 14.0 ಬೇಕು" ಅಂತ ತಕರಾರು ತೆಗೆಯುತ್ತದೆ. ಪೈಥಾನ್ ಕೇಳಿದರೆ ಸಿ ಪ್ಲಸ್ ಪ್ಲಸ್ ಯಾಕೆ ಅಂತ ಮಕ್ಕಳು ಕಕ್ಕಾಬಿಕ್ಕಿ. ಒಂದು ಹೆಜ್ಜೆ ಹಿಂದಿದ್ದರೆ ಈ ತಾಪತ್ರಯ ಬಹಳ ಕಡಿಮೆ. ಲ್ಯಾಬ್ ಪ್ರೋಗ್ರಾಂಗಳಿಗೆ ಹಿಂದಿನ ಆವೃತ್ತಿ ಧಾರಾಳವಾಗಿ ಸಾಕು.

ಹಳೇ ಕಂಪ್ಯೂಟರ್ ಇದ್ದವರಿಗೆ ಒಂದು ಮಾತು. ವಿಂಡೋಸ್ 7ರಲ್ಲಿ ಪೈಥಾನ್ 3.8ಕ್ಕೆ ಮುಗಿಯಿತು, 3.9ರಿಂದ ಮುಂದಿನದು ಹತ್ತುವುದಿಲ್ಲ. 3.13ರಿಂದ ಮುಂದಕ್ಕೆ ವಿಂಡೋಸ್ 10 ಆದರೂ ಬೇಕು. ಈಗಿನ ವಿಎಸ್ ಕೋಡ್ ಕೂಡ 7ರಲ್ಲಿ ಬರುವುದಿಲ್ಲ. ಹಾಗಂತ ಹೊಸದು ಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ಪೈಥಾನ್ ಜೊತೆಗೇ ಐಡಲ್ ಅನ್ನುವ ಚಿಕ್ಕ ಎಡಿಟರ್ ಬರುತ್ತದೆ, ಮೊದಲ ವರ್ಷಕ್ಕೆ ಅದು ಸಾಕು. ಹೊಸ ಲ್ಯಾಪ್‌ಟಾಪಿನಲ್ಲಿ ಏನು ಹಾಕಲು ಹೋದರೂ ಸ್ಟೋರ್‌ಗೇ ಕರೆದೊಯ್ಯುತ್ತಿದ್ದರೆ ಅದು ಎಸ್ ಮೋಡ್‌ನಲ್ಲಿರಬಹುದು. ಅದರಿಂದ ಹೊರಬರಲು ಮೈಕ್ರೋಸಾಫ್ಟ್‌ಗೆ ದುಡ್ಡು ಕೊಡಬೇಕಿಲ್ಲ, ಆದರೆ ಬಂದ ಮೇಲೆ ಮತ್ತೆ ಒಳಹೋಗಲು ಆಗುವುದಿಲ್ಲ. ಮನೆಯಲ್ಲಿ ಮಾತಾಡಿಕೊಂಡು ಬನ್ನಿ.

ಫೋನ್ ವಿಷಯ. ರಾತ್ರಿ ಹನ್ನೊಂದಕ್ಕೆ ಓರೆಯಾಗಿ ತೆಗೆದ ಸ್ಕ್ರೀನ್ ಫೋಟೋ, ಅದರಲ್ಲಿ ಟ್ಯೂಬ್‌ಲೈಟ್ ಬೆಳಕು, ಕೆಳಗೆ "ಸಾರ್ ಏನಿದು". ದಯವಿಟ್ಟು ಬೇಡ. ಎರರ್ ಪೂರ್ತಿ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಅಕ್ಷರದಲ್ಲೇ ಕಳಿಸಿ, ಬೆಳಗ್ಗೆ ಅಂಗಡಿ ತೆರೆದ ಮೇಲೆ ಉತ್ತರಿಸುತ್ತೇವೆ, ಅದಕ್ಕೆ ದುಡ್ಡಿಲ್ಲ. ಕಳಿಸುವ ಮುಂಚೆ ನೀವೇ ಒಮ್ಮೆ ಓದಿ. ಪೈಥಾನ್ ಎರರ್ ಆದರೆ ಕೊನೇ ಸಾಲಿನಿಂದ ಶುರು ಮಾಡಿ, ಏನಾಯಿತು ಅಂತ ಅಲ್ಲಿರುತ್ತದೆ. ಸಿ ಮತ್ತು ಜಾವಾ ಕಂಪೈಲ್ ಮಾಡುವಾಗ ಬರುವ ಎರರ್‌ಗಳಲ್ಲಿ ಮೊದಲನೆಯದನ್ನು ನೋಡಿ. ಒಂದು ಸೆಮಿಕೋಲನ್ ಬಿಟ್ಟಿದ್ದಕ್ಕೆ ಕೆಳಗೆ ಹತ್ತು ತಪ್ಪು ತೋರಿಸುತ್ತದೆ, ಮೇಲಿನದು ಸರಿಯಾದರೆ ಉಳಿದದ್ದು ಎಷ್ಟೋ ಸಲ ತಾನೇ ಮಾಯ.

ಈ ಕೆಲಸಕ್ಕೆ ಶನಿವಾರ ಮಧ್ಯಾಹ್ನ ಎರಡರಿಂದ ಏಳು, ಭಾನುವಾರ ಬೆಳಗ್ಗೆ ಹತ್ತರಿಂದ ಒಂದು ಇಟ್ಟುಕೊಂಡಿದ್ದೇವೆ. ಸಕಲೇಶಪುರ, ಅರಕಲಗೂಡು, ಬೇಲೂರು ಕಡೆಯಿಂದ ಬಸ್ಸಿನಲ್ಲಿ ಬರುವವರನ್ನು ಮೊದಲು ಕೂರಿಸುತ್ತೇವೆ, ಊರಿನವರು ಬೇಜಾರು ಮಾಡಿಕೊಳ್ಳಬೇಡಿ. ಮೊದಲು 300 ರೂಪಾಯಿ ತೆಗೆದುಕೊಳ್ಳುತ್ತಿದ್ದೆವು, ಇನ್ನು 200. ಕೀಬೋರ್ಡ್ ಕೆಲಸ ನಿಮ್ಮದೇ ಆಯಿತಲ್ಲ! ಅದೇ ತೊಂದರೆ ಆ ಸೆಮಿಸ್ಟರಿನೊಳಗೆ ಮತ್ತೆ ಬಂದರೆ ಏನೂ ಕೊಡಬೇಕಿಲ್ಲ. ಹಾಸನಾಂಬೆ ದರ್ಶನದ ದಿನಗಳಲ್ಲಿ ಊರೊಳಗೆ ಗಾಡಿ ನುಗ್ಗಿಸುವುದೇ ಕಷ್ಟ, ಆಗ ಫೋನ್ ಮಾಡಿಯೇ ಹೊರಡಿ.

ಬರುವಾಗ ಚಾರ್ಜರ್, ಲ್ಯಾಬ್ ಮ್ಯಾನುಯಲ್, ಲ್ಯಾಪ್‌ಟಾಪಿನ ಪಾಸ್‌ವರ್ಡ್ ಮೂರೂ ಇರಲಿ. ಸಿ ಡ್ರೈವ್‌ನಲ್ಲಿ 5 ಜಿಬಿಯಾದರೂ ಖಾಲಿ ಮಾಡಿಕೊಳ್ಳಿ. ಡೌನ್‌ಲೋಡ್‌ಗೆ ನಿಮ್ಮ ಡೇಟಾ ಖರ್ಚು ಮಾಡಬೇಡಿ, ಎಲ್ಲ ನಮ್ಮಲ್ಲಿದೆ. ಪಾಸ್‌ವರ್ಡ್ ಅಣ್ಣನಿಗೆ ಮಾತ್ರ ಗೊತ್ತು ಅಂತಿದ್ದರೆ ಅಣ್ಣನನ್ನೂ ಕರೆತನ್ನಿ.

ಇಂತಿ,
ಬಿ.ಎಂ. ರಸ್ತೆಯ ನಿಮ್ಮ ಕಂಪ್ಯೂಟರ್ ಅಂಗಡಿಯವರು, ಹಾಸನ