ಕಾಳಿಯ ಕಲ್ಲು ಮೊದಲು ನೋಡು

ಹಾಸನ
ಭಾನುವಾರ ರಾತ್ರಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಎರಡು ದಿನದಿಂದ ಮಳೆ ಹೊಳವಾಗಿದೆ. ಶುಂಠಿ ಪಾತಿಯಲ್ಲಿ ನೀರು ನಿಂತಿಲ್ಲ, ಸದ್ಯಕ್ಕೆ ಅಷ್ಟೇ ಸಮಾಧಾನ. ನಿಮ್ಮಪ್ಪ ಬೆಳಗ್ಗೆ ಬಂದಿದ್ದ. ಅಕ್ಕಿರೊಟ್ಟಿ ತಿಂದು, ನಿನ್ನ ಬಗ್ಗೆ ಅರ್ಧ ಗಂಟೆ ಗೊಣಗಿ ಹೋದ.

ಮೊನ್ನೆ ಫೋನಿನಲ್ಲಿ ‘ಭಾನುವಾರ ಬಂತು ಅಂದ್ರೆ ಬೇಜಾರು ದೊಡ್ಡಪ್ಪ, ಮಾಲ್ ಬಿಟ್ರೆ ಬೆಂಗಳೂರಲ್ಲಿ ನೋಡೋಕೆ ಏನಿದೆ’ ಅಂದೆಯಲ್ಲ, ಆಗ ನಾನು ಸುಮ್ಮನಿದ್ದೆ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಕಾಗದ ಆದರೆ ಒಂದು ಸಲವಾದರೂ ಪೂರ್ತಿ ಓದುತ್ತೀಯ ಅನ್ನೋ ಆಸೆ.

ಇಪ್ಪತ್ತೆಂಟು ವರ್ಷ ಹಾಸನ–ಬೆಂಗಳೂರು ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಈಗಲೂ ನಿದ್ದೆಯಲ್ಲಿ ಕೇಳಿದರೂ ಸ್ಟಾಪು ತಪ್ಪದೆ ಹೇಳುತ್ತೇನೆ. ಬೆಳಗ್ಗೆ ಮೆಜೆಸ್ಟಿಕ್ ಸೇರಿದರೆ ವಾಪಸ್ ಹೊರಡುವ ತನಕ ನಾಲ್ಕು ಗಂಟೆ ಬಿಡುವು. ಡ್ರೈವರ್ ಮಲಗುತ್ತಿದ್ದರು. ನನಗೆ ಹಗಲು ನಿದ್ದೆ ಹತ್ತುತ್ತಿರಲಿಲ್ಲ. ಹಾಗೇ ನಡೆಯುತ್ತಾ ಹೋಗುತ್ತಿದ್ದೆ. ಮೈಸೂರು ಬ್ಯಾಂಕ್ ಸರ್ಕಲ್, ಕೆ.ಆರ್. ಸರ್ಕಲ್, ಆಮೇಲೆ ಕಬ್ಬನ್ ಪಾರ್ಕಿನ ನೆರಳು. ಪಾರ್ಕಿನ ಅಂಚಿಗೆ, ಕಸ್ತೂರಬಾ ರಸ್ತೆಯಲ್ಲಿ ಒಂದು ಕೆಂಪು ಕಟ್ಟಡ. ಮೊದಲ ಸಲ ಅದು ಕೋರ್ಟೋ ಏನೋ ಅಂದುಕೊಂಡು ಗೇಟಿನಲ್ಲೇ ನಿಂತಿದ್ದೆ. ಸರ್ಕಾರಿ ವಸ್ತುಸಂಗ್ರಹಾಲಯ ಅಂತ ಬೋರ್ಡು ಓದಿದ ಮೇಲೇ ಒಳಗೆ ಹೋಗಿದ್ದು.

ನೀನು ಅಲ್ಲಿಂದಲೇ ಶುರು ಮಾಡು. ಮ್ಯೂಸಿಯಂ ರೋಡ್ ಅಂತ ಹೆಸರಿದೆ ಅಂದುಕೊಂಡು ಆ ಕಡೆ ಹೋಗಬೇಡ. 1865ರಲ್ಲಿ ಎಡ್ವರ್ಡ್ ಬಾಲ್ಫೋರ್ ಅನ್ನೋ ಡಾಕ್ಟರ್ ಮುಂದೆ ನಿಂತು ಇದನ್ನು ಶುರು ಮಾಡಿದಾಗ ಇದು ಆ ರಸ್ತೆಯಲ್ಲಿತ್ತು. ಹತ್ತು–ಹನ್ನೆರಡು ವರ್ಷಕ್ಕೆ ಕಬ್ಬನ್ ಪಾರ್ಕಿಗೆ ಬಂತು. ಹೆಸರು ಮಾತ್ರ ಹಳೇ ರಸ್ತೆಯಲ್ಲೇ ಉಳಿಯಿತು. ನಮ್ಮೂರಲ್ಲಿ ಹುಣಸೆಮರ ಬಿದ್ದು ಇಪ್ಪತ್ತು ವರ್ಷ ಆದರೂ ‘ಹುಣಸೆಮರದ ಸ್ಟಾಪ್’ ಅಂತಾರಲ್ಲ, ಹಾಗೆ.

ಒಳಗೆ ಏನೇನೋ ಇದೆ. ಎಲ್ಲಾ ನೋಡಬೇಡ. ಆತಕೂರಿನ ಕಲ್ಲು ಎಲ್ಲಿದೆ ಅಂತ ಅಲ್ಲಿನ ಕಾವಲಿನವರನ್ನು ಕೇಳು. ಸ್ವಲ್ಪ ಮರ್ಯಾದೆಯಿಂದ ಕೇಳು, ಅವರೇ ಬಂದು ತೋರಿಸುತ್ತಾರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಇದ್ದ ವೀರಗಲ್ಲು ಅದು. ವೀರಗಲ್ಲು ಅಂದರೆ ಕತ್ತಿ ಹಿಡಿದ ಗಂಡಸು, ಕುದುರೆ, ಮೇಲೆ ಅಪ್ಸರೆಯರು, ಇಷ್ಟು ನೀನು ನೂರು ನೋಡಿದ್ದೀಯ. ನಮ್ಮ ಕೆರೆ ಏರಿ ಮೇಲೇ ಎರಡಿವೆ. ಇದರಲ್ಲಿ ಮನುಷ್ಯ ಇಲ್ಲ. ಒಂದು ನಾಯಿ, ಒಂದು ಹಂದಿ, ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತಿವೆ. ಅಷ್ಟೇ. ಉಳಿದದ್ದೆಲ್ಲ ಅಕ್ಷರ.

ಕತೆ ಹೀಗಿದೆ. ಸುಮಾರು 949ನೇ ಇಸವಿ. ತಕ್ಕೋಲ ಅನ್ನೋ ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ. ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಚೋಳರ ರಾಜಾದಿತ್ಯ ಅಲ್ಲೇ ಸತ್ತ. ಬೂತುಗನ ಕಡೆ ಮಣಲೆರ ಅನ್ನೋ ವೀರ ಇದ್ದ. ಅವನ ಸಾಹಸಕ್ಕೆ ಮೆಚ್ಚಿ ಬೂತುಗ ‘ಏನು ಬೇಕೋ ಕೇಳು’ ಅಂದ. ನಮ್ಮಲ್ಲಿ ಯಾರಾದರೂ ಹಾಗಂದರೆ ಏನು ಕೇಳುತ್ತಿದ್ದೆವು? ಹೊಲ, ಸೈಟು, ಮಗನಿಗೊಂದು ಕೆಲಸ. ಈ ಪುಣ್ಯಾತ್ಮ ‘ನಿಮ್ಮ ಕಾಳಿಯನ್ನು ಕೊಡಿ’ ಅಂದ. ಕಾಳಿ ಅಂದರೆ ಬೂತುಗನ ಬೇಟೆನಾಯಿ. ಅದನ್ನು ಕರೆದುಕೊಂಡು ಬಂದ. ಆಮೇಲೆ ಒಂದು ದಿನ ಗುಡ್ಡದಲ್ಲಿ ದೊಡ್ಡ ಹಂದಿ ಮೇಲೆ ಬಿಟ್ಟ. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಕೆರೆ ಕೆಳಗೆ ಗದ್ದೆ ಬಿಟ್ಟುಕೊಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ಅಂತಲೂ ಅದರಲ್ಲೇ ಕೆತ್ತಿಸಿದ್ದಾರೆ.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಎರಡನೇ ಕ್ಲಾಸಿನಲ್ಲಿದ್ದಾಗ ನಮ್ಮ ನಾಯಿ ಕರಿಯ, ಜೋಳದ ಹೊಲಕ್ಕೆ ಬಂದ ಹಂದಿಯನ್ನು ಅಟ್ಟಿಸಿಕೊಂಡು ಹೋಗಿ ಪಕ್ಕೆ ಹರಿಸಿಕೊಂಡು ಬಂದಿತ್ತು. ಹಟ್ಟಿ ಬಾಗಿಲ ತನಕ ಬಂದು, ನೀರು ಕೂಡ ಮುಟ್ಟದೆ ಬಿದ್ದಿತ್ತು. ನಿಮ್ಮಪ್ಪನೇ ಹಲಸಿನ ಮರದ ಬುಡದಲ್ಲಿ ಗುಂಡಿ ತೆಗೆದದ್ದು. ಅದಾಗಿ ಮೂರನೇ ದಿನ ಡ್ಯೂಟಿ ಮೇಲೆ ಬೆಂಗಳೂರಿಗೆ ಹೋದಾಗ ನಾನು ಮತ್ತೆ ಆ ಕಲ್ಲಿನ ಮುಂದೆ ನಿಂತಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆವತ್ತು ವಾಪಸ್ ಟ್ರಿಪ್ಪಿಗೆ ಹತ್ತು ನಿಮಿಷ ಲೇಟ್ ಆಗಿ, ಪ್ಯಾಸೆಂಜರ್ ಹತ್ತಿರ ಬೈಸಿಕೊಂಡೆ.

ಅದೇ ಮ್ಯೂಸಿಯಂನಲ್ಲಿ ನಮ್ಮ ಹಳೇಬೀಡಿನ ಶಿಲ್ಪಗಳೂ ಇವೆ. ಹಳೇಬೀಡು ನಿನಗೆ ಹಿತ್ತಿಲ ಗಿಡ. ಸ್ಕೂಲು ಟೂರು ಅಂದರೆ ಅದೇ, ನೆಂಟರು ಬಂದರೂ ಅದೇ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೂ ನೀನು ಆ ಕಡೆ ತಲೆ ಹಾಕಿಲ್ಲ, ನನಗೆ ಗೊತ್ತು. ಬೆಂಗಳೂರಿನ ಗೋಡೆಗೆ ಒರಗಿಸಿಟ್ಟ ಆ ಬಳಪದ ಕಲ್ಲನ್ನು ನೋಡು, ಬೇರೆ ಥರ ಕಾಣುತ್ತೆ. ಇಲ್ಲಿ ಅದರ ಮೇಲೆ ಬಿಸಿಲು ಜರುಗುತ್ತೆ, ಅಳಿಲು ಓಡಾಡುತ್ತೆ. ಅಲ್ಲಿ ಕಾಲಬುಡದಲ್ಲಿ ಒಂದು ಚೀಟಿ. ಮೆಜೆಸ್ಟಿಕ್‌ನಲ್ಲಿ ನಮ್ಮೂರಿನವರು ಬ್ಯಾಗು ಹಿಡಿದುಕೊಂಡು ನಿಂತಿರೋದು ಕಂಡರೆ ಹೇಗಾಗುತ್ತೆ, ನನಗೆ ಹಾಗೇ ಆಯಿತು. ಮಾತಾಡಿಸಿ ಬಂದೆ ಅಂದರೆ ನಗಬೇಡ.

ಇಲ್ಲಿ ಒಂದು ಕಿವಿಮಾತು. ಒಂದು ದಿನಕ್ಕೆ ಒಂದೇ ಜಾಗ. ನಾನು ಈ ತಪ್ಪು ಮಾಡಿಯೇ ಕಲಿತದ್ದು. ಒಂದು ದಸರಾ ರಜೆಯಲ್ಲಿ ನಿಮ್ಮ ದೊಡ್ಡಮ್ಮ, ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿ ಒಂದೇ ದಿನದಲ್ಲಿ ಐದು ಕಡೆ ಓಡಿಸಿದೆ. ಬಂದಿರೋದೇ ಬಂದಿದ್ದೀವಿ, ಎಲ್ಲಾ ಮುಗಿಸಿಬಿಡೋಣ ಅಂತ. ಮಧ್ಯಾಹ್ನಕ್ಕೆ ದೊಡ್ಡಮ್ಮನ ಚಪ್ಪಲಿ ಕಿತ್ತುಹೋಯಿತು. ಸಂಜೆಗೆ ಚಿಕ್ಕವಳು ನನ್ನ ಹೆಗಲ ಮೇಲೆ ನಿದ್ದೆ. ದೊಡ್ಡವಳನ್ನು ಈಗ ಕೇಳು, ಅವಳಿಗೆ ನೆನಪಿರೋದು ಚುರುಮುರಿ ಒಂದೇ.

ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. 1962ರದ್ದು. ರೈಟ್ ಸಹೋದರರ ವಿಮಾನದ ಅಳತೆಗೆ ಸರಿಯಾಗಿ ಮಾಡಿದ ಮಾದರಿ ಇದೆ, ಅದನ್ನು ನೋಡಲೇಬೇಕು. ಮರ, ಬಟ್ಟೆ, ತಂತಿ ಇಷ್ಟರಲ್ಲೇ ಹಾರಿದರಲ್ಲ ಅನ್ನಿಸುತ್ತೆ. ಆದರೆ ಭಾನುವಾರ ಅಲ್ಲಿ ಮಕ್ಕಳ ಜಾತ್ರೆ. ನಿನ್ನ ವಾರದ ರಜೆ ಬದಲಾದಾಗ ಹೋಗು.

ಇನ್ನೊಂದು ಪಕ್ಕಕ್ಕೆ ವೆಂಕಟಪ್ಪ ಆರ್ಟ್ ಗ್ಯಾಲರಿ. ಕೆ. ವೆಂಕಟಪ್ಪನವರು ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಚಿತ್ರ ಕಲಿತವರು. ವೀಣೆ ಬೇರೆ ನುಡಿಸುತ್ತಿದ್ದರು. ಅವರು ಬರೆದ ಊಟಿಯ ಜಲವರ್ಣ ಚಿತ್ರಗಳು ಚಿಕ್ಕವು ಅಂತ ಉದಾಸೀನ ಮಾಡಬೇಡ. ಅದರಲ್ಲಿನ ಮಂಜು ನೋಡು. ಬಿಸ್ಲೆ ಘಾಟಿಯಲ್ಲಿ ಬೆಳಗ್ಗೆ ಆರಕ್ಕೆ ಎದುರಿನ ಗುಡ್ಡ ಇದೆಯೋ ಇಲ್ಲವೋ ಅನ್ನೋ ಹಾಗಿರುತ್ತಲ್ಲ, ಅದೇ ಮಂಜು. ನೀರು, ಬಣ್ಣ, ಕಾಗದ ಬಿಟ್ಟು ಬೇರೆ ಏನೂ ಇಲ್ಲ.

ಆಮೇಲೆ ಒಂದು ವಾರ ಟಿಪ್ಪುವಿನ ಬೇಸಿಗೆ ಅರಮನೆ. ಮಾರ್ಕೆಟ್ ಸ್ಟಾಪಿನಲ್ಲಿ ಇಳಿದರೆ ಹತ್ತಿರ. ಹೈದರಾಲಿ ಶುರು ಮಾಡಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಅರಮನೆ ಅಂದರೆ ಬೆಳ್ಳಿ ಬಂಗಾರ ಅಂತ ಹೋಗಬೇಡ, ತೇಗದ ಮನೆ ಅದು. ಕಂಬ, ಕಮಾನು, ಮೇಲಿನ ಉಪ್ಪರಿಗೆ ಎಲ್ಲಾ ಮರ. ನಡು ಮಧ್ಯಾಹ್ನ ಹೋದರೂ ಒಳಗೆ ತಣ್ಣಗಿರುತ್ತೆ. ಬಣ್ಣದ ಹೂಬಳ್ಳಿ ಮಾಸಿಹೋಗಿದೆ, ಮೂಲೆಗಳಲ್ಲಿ ಕಣ್ಣು ಹಾಯಿಸಿದರೆ ಸಿಗುತ್ತೆ. ಗೋಡೆಗೆ ಗೋಡೆ ತಾಗಿದ ಹಾಗೆ ಪಕ್ಕದಲ್ಲಿ ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನ. ಅದು ಅರಮನೆಗಿಂತ ಹಳೇದು, ಚಿಕ್ಕದೇವರಾಜ ಒಡೆಯರ ಕಾಲದ್ದು. ಟಿಪ್ಪು ಸತ್ತ ಮೇಲೆ ಬ್ರಿಟಿಷರು ಈ ಅರಮನೆಯಲ್ಲಿ ಕಚೇರಿ ಇಟ್ಟುಕೊಂಡರು. 1868ರಲ್ಲಿ ಅದೆಲ್ಲ ಹೊಸ ಕಟ್ಟಡಕ್ಕೆ ಹೋಯಿತು. ಹದಿನೆಂಟು ಇಲಾಖೆಯ ಕಚೇರಿ ಅಂತ ಅದಕ್ಕೆ ಅಠಾರಾ ಕಚೇರಿ ಅನ್ನೋ ಹೆಸರು. ಈಗಿನ ಹೈಕೋರ್ಟು ಅದೇ. ವಿಧಾನಸೌಧದ ಎದುರು ದಿನಾ ನೋಡುತ್ತೀಯಲ್ಲ, ಅದು.

ವಸಂತನಗರದ ಕಡೆಯ ಬೆಂಗಳೂರು ಅರಮನೆ ಬಗ್ಗೆ ಎಲ್ಲರೂ ಹೇಳುತ್ತಾರೆ. ಟಿಕೆಟ್ ದುಬಾರಿ, ನನಗೆ ಅಷ್ಟು ಹಿಡಿಸಲಿಲ್ಲ. ನಿನಗೆ ಸಂಬಳ ಬಂದ ವಾರ ಬೇಕಾದರೆ ಹೋಗು. ಅದಕ್ಕಿಂತ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ ವಾಸಿ. ಶ್ರೀಮಂತರ ಮನೆಯಾಗಿದ್ದದ್ದು 2009ರಲ್ಲಿ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಆಯಿತು. ಆ ಹೊಸ ಥರದ ಚಿತ್ರ ಅರ್ಧಕ್ಕರ್ಧ ನನಗೆ ತಲೆಗೆ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮರಗಳ ಕೆಳಗೆ ಕೂರೋಕೆ ಜಾಗ ಇದೆ. ಗಲಾಟೆ ಇಲ್ಲ. ಬೇಜಾರಾದ ಭಾನುವಾರಕ್ಕೆ ಸರಿ.

ಮಳೆ ನಿಂತ ಮೇಲೆ ಮುದ್ದೇನಹಳ್ಳಿಗೂ ಹೋಗಿ ಬಾ. ಚಿಕ್ಕಬಳ್ಳಾಪುರದ ಹತ್ತಿರ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಊರು. ಅವರ ಮನೆಯನ್ನು ಹಾಗೇ ಉಳಿಸಿ ಅವರ ಸಾಮಾನುಗಳನ್ನು ಇಟ್ಟಿದ್ದಾರೆ. ಸಮಾಧಿಯೂ ಅಲ್ಲೇ. ಕನ್ನಂಬಾಡಿ ಕಟ್ಟೆ ನೋಡಿದವನಿಗೆ ಅವರ ಮನೆ ನೋಡಿದರೆ ಇಷ್ಟು ಚಿಕ್ಕದಾ ಅನ್ನಿಸುತ್ತೆ.

ಹೊರಡುವ ಮುಂಚೆ ತೆಗೆದಿದೆಯಾ ಅಂತ ವಿಚಾರಿಸು. ಹಳೇ ಕಟ್ಟಡ, ಏನಾದರೊಂದು ರಿಪೇರಿ ನಡೀತಾನೇ ಇರುತ್ತೆ. ಮ್ಯೂಸಿಯಂಗಳಿಗೆ ಜಾಸ್ತಿ ಸೋಮವಾರ ರಜೆ. ನಾನು ಎಷ್ಟು ಸಲ ಸೋಮವಾರ ಹೋಗಿ ಬೀಗ ನೋಡಿ ಬಂದಿದ್ದೇನೋ ಲೆಕ್ಕವಿಲ್ಲ. ದೊಡ್ಡ ಬ್ಯಾಗು ಒಯ್ಯಬೇಡ, ಬಾಗಿಲಲ್ಲೇ ಇಡಿಸುತ್ತಾರೆ. ಮೊಬೈಲಿನಲ್ಲಿ ಫೋಟೋ ತೆಗಿ, ಬೇಡ ಅನ್ನಲ್ಲ. ಆದರೆ ಮೊದಲು ನೋಡು, ಆಮೇಲೆ ತೆಗಿ. ಊಟ ಮಾಡಿ ಹೋಗು.

ಕಾಳಿಯ ಕಲ್ಲಿಗೆ ಮಾತ್ರ ಈ ತಿಂಗಳಲ್ಲೇ ಹೋಗಬೇಕು. ಒಂದು ಕೆಲಸ ಇದೆ. ಆ ಕೆತ್ತನೆಯಲ್ಲಿ ನಾಯಿ ಎಡಗಡೆ ಅಂತ ನಾನು, ಬಲಗಡೆ ಅಂತ ನಿಮ್ಮ ದೊಡ್ಡಮ್ಮ. ನಿನ್ನೆಯಿಂದ ಇದೇ ಜಗಳ. ನೋಡಿ ಫೋನ್ ಮಾಡು. ಅವಳು ಹೇಳಿದ್ದೇ ಸರಿ ಆಗಿದ್ದರೆ ನನ್ನ ನಂಬರಿಗೆ ಮಾಡು.

ನಿನ್ನ ದೊಡ್ಡಪ್ಪ